ನಿಂಬೆವ್ವನಿಗೆ ಸೇರುವ ಬಣ್ಣ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಚಿಕ್ಕಮ್ಮ ಶಾಂತವೀರಮ್ಮ. ಪವಾಡವೆಂದರೆ ಮೂಗು ಮುರಿಯುವ ಹೆಂಗಸು. ಇದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು.

ಪೂಜ್ಯ ಅಡಿವೆಮ್ಮ ತಾಯಿಯವರು ಆಗ ಹಳ್ಳದ ದಂಡೆಯ ಸಣ್ಣ ಮಠದಲ್ಲಿದ್ದರು. ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಕಟ್ಟೆ. ಮಾಗಿಯ ಬೆಳಗು. ತಾಯಿಯವರು ಕಟ್ಟೆಯ ಮೇಲೆ ಕೂತು ದಾಸೋಹದ ಜೋಳ ಹಸನು ಮಾಡುತ್ತಿದ್ದರು. ಅಲ್ಲಿಗೆ ಹೊಲಿಗೆ ಶಾಲೆಯ ಟೀಚರು ಸುಗಲಾ ತನ್ನ ಅತ್ತೆ ನಿಂಬೆವ್ವನನ್ನು ಕರೆದುಕೊಂಡು ಬಂದಳು. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಕಂಕುಳಲ್ಲಿ ಉಣ್ಣೆಯ ಹೊದಿಕೆ.

“ನಾಕು ತಿಂಗಳು ಕೂತು ಹೆಣದೀನ್ರಿ. ಎದೀಗೆ ಥಂಡಿ ತಾಕಿದ್ರ ಈ ಸಲ ಉಳಿಯೂದಿಲ್ಲ ಅಂತ ಡಾಕ್ಟರು ಹೇಳ್ಯಾರ. ಇವರು ಇದನ್ನ ಮಡಚಿ ಪೆಟ್ಟಿಗೀ ಮ್ಯಾಲಿಟ್ಟು, ಹರಕ ಕಂಬಳ್ಯಾಗ ಗಡಗಡ ನಡಗತಾರ. ಸೊಸಿ ಮಾಡಿದ್ದು ಮೈಗೆ ಚುಚ್ಚತೈತೇನೋ! ನೀವು ಅಷ್ಟು ದೊಡ್ಡವರಾದ್ರ ಒಂದು ಮಾತು ಹೇಳಿ ಹೊದಿಸ್ರಿ, ನೋಡೋಣು.”

ತಾಯಿಯವರು ಕೈ ಒರೆಸಿಕೊಂಡು ಹೊದಿಕೆಯನ್ನು ಬಿಡಿಸಿದರು. ಅಚ್ಚ ಬಿಳಿ. ಎಲ್ಲೂ ಒಂದು ಕುಣಿಕೆ ತಪ್ಪಿರಲಿಲ್ಲ.

“ಬಣ್ಣ ಯಾರು ಆರಿಸಿದ್ದು, ತಂಗಿ?”

“ಆರಿಸೋದೇನೈತ್ರಿ? ಮಾವನವರು ತೀರಿ ನಲವತ್ತು ವರ್ಷಾತು. ಅವತ್ತಿಂದ ಇವರಿಗೆ ಸೇರೋದು ಬಿಳೀದೇ.”

ತಾಯಿಯವರು ಮುದುಕಿಯ ಕಡೆ ತಿರುಗಿದರು. “ನಿಂಬೆವ್ವಾ, ನಿನಗ ಯಾವ ಬಣ್ಣ ಸೇರತೈತಿ?”

ಎಪ್ಪತ್ತರ ನಿಂಬೆವ್ವ ತಬ್ಬಿಬ್ಬಾದಳು. ಇಷ್ಟು ವರ್ಷ ಅವಳ ಬಣ್ಣವನ್ನು ಊರೇ ಆರಿಸಿಕೊಟ್ಟಿತ್ತು, ಕೇಳಿದವರೇ ಇರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, “ಗಿಳಿಹಸಿರು,” ಎಂದಳು. ಸೆರಗು ಸರಿಸಿ, “ಅದಕ್ಕ ಅರಿಷಿಣದ ಅಂಚಿದ್ರ ಛಂದ.”

ಆಮೇಲೆ ಸೊಸೆಯ ಮುಂಗೈ ಹಿಡಿದಳು. “ಇದನ್ನ ಹೊದ್ಕೊಂಡ್ರ ಹೆಣಕ್ಕ ಬಟ್ಟಿ ಹೊಚ್ಚಿದಂಗ ಆಗತೈತವ್ವಾ. ಹೇಳಿದ್ರ ನೀ ನೊಂದೀ ಅಂತ ಸುಮ್ಮನಿದ್ದೆ.”

ಸುಗಲಾಳ ಸಿಟ್ಟು ನಿಂತಲ್ಲೇ ಇಳಿಯಿತು, ಅಂಜಿಕೆ ಇಳಿಯಲಿಲ್ಲ. “ಗಿಳಿಹಸಿರು ಹೊದಿಸಿದ್ರ ಮಂದಿ ಏನಂದಾರ್ರೀ?”

“ಚಳಿ ಮಂದೀಗಲ್ಲ ತಂಗಿ, ಈಕೀಗೆ.”

ಅಷ್ಟೇ. ತಾಯಿಯವರು ತಮ್ಮ ಮೈಮೇಲಿದ್ದ ಕಾವಿ ಶಾಲನ್ನು ತೆಗೆದು ನಿಂಬೆವ್ವನಿಗೆ ಹೊದಿಸಿ, “ಹಸಿರು ಆಗೂತನಕ ಇದಿರಲಿ,” ಎಂದರು. ಬಿಳಿಯ ಹೊದಿಕೆಯನ್ನು ತಾವೇ ಹೊದ್ದು, “ಇದು ನನಗಿರಲಿ. ನನಗ ಬಿಳೀದು ಸೇರತೈತಿ,” ಎಂದು ನಕ್ಕು ಮತ್ತೆ ಜೋಳದ ಮೊರ ಎತ್ತಿಕೊಂಡರು. ನಾಲ್ಕು ತಿಂಗಳ ಹೆಣಿಗೆ ವ್ಯರ್ಥವಾಗದಂತೆ ನೋಡಿಕೊಂಡ ಆ ಕರುಣೆಗೆ, ಯಾವ ಗುರುವಿಗೂ ಬಾಗದಿದ್ದ ಸುಗಲಾ ಕಟ್ಟೆಗೆ ಹಣೆ ಹಚ್ಚಿದಳು.

ಅಂದು ಸಂಜೆಯೇ ಗಿಳಿಹಸಿರು ಉಣ್ಣೆ ತಂದು ಅತ್ತೆಯ ಮಗ್ಗುಲಲ್ಲಿ ಕೂತು ಹೆಣೆಯತೊಡಗಿದಳು. ಅಂಚಿಗೆ ಬಂದಾಗ, “ಅರಿಷಿಣ ಇಷ್ಟು ಸಾಕೇನ್ರಿ, ಅತ್ತಿ?” ಎಂದರೆ ನಿಂಬೆವ್ವ ಅಳೆದು ನೋಡಿ, “ಇನ್ನೊಂದು ಬೆರಳು,” ಅನ್ನುತ್ತಿದ್ದಳಂತೆ, ಮದುಮಗಳ ಆಸೆಬುರುಕತನದಿಂದ.

ಕೇಳಿದವರು ಇದನ್ನು ಇನ್ನೊಬ್ಬರಿಗೆ ದಾಟಿಸಿರಿ. ದಾಟಿಸುವ ಮುಂಚೆ, ಅವರಿಗೆ ಯಾವ ಬಣ್ಣ ಸೇರುತ್ತದೆಂದು ಒಂದು ಮಾತು ಕೇಳಿರಿ.