ಒಗಟು ಕೂಡಿಟ್ಟ ರೈತ

"ಸರ್, ಇನ್ನೂ ಎಷ್ಟು ಓದಬೇಕು?" ಎಂದು ಮೇದಿನಿ ತನ್ನ ಗುರುಗಳನ್ನು ಕೇಳಿದಳು.

ಅವಳು ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿನಿ. ಕೋಡಿಂಗ್ ಸ್ಪರ್ಧೆಗೆ ಇಳಿಯಬೇಕೆಂದು ರಜೆಯುದ್ದಕ್ಕೂ ಹಳೆಯ ಸ್ಪರ್ಧೆಗಳ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಓದಿದ್ದಳು. ಹಿಂದಿನ ದಿನ ಅವಳ ಮೊದಲ ಸ್ಪರ್ಧೆ. ಅವಧಿ ಮುಗಿದರೂ ಒಂದು ಪ್ರಶ್ನೆಯನ್ನೂ ಬಿಡಿಸಲು ಅವಳಿಂದ ಆಗಿರಲಿಲ್ಲ.

"ನಾನು ಓದಿದ್ದು ಒಂದೂ ಬರಲಿಲ್ಲ ಸರ್. ಎಲ್ಲವನ್ನೂ ಓದಿ ಮುಗಿಸಿದ ಮೇಲೆಯೇ ಇನ್ನೊಮ್ಮೆ ಹೋಗುತ್ತೇನೆ" ಎಂದಳು.

ಗುರುಗಳು ಕುರ್ಚಿ ತೋರಿಸಿದರು. ಅವಳು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಮದುವೆಗೆ ಬಂದ ಗಂಡಿನ ಕಡೆಯವರನ್ನು ಬಾಗಿಲಲ್ಲೇ ತಡೆದು ಒಗಟು ಹಾಕುವ ಪದ್ಧತಿ ಇತ್ತು. ಬಿಡಿಸಿದರೆ ಆರತಿ ಎತ್ತಿ ಒಳಗೆ ಕರೆಯುತ್ತಿದ್ದರು. ಬಿಡಿಸದಿದ್ದರೆ ಮದುವೆಯೇನೂ ನಿಲ್ಲುತ್ತಿರಲಿಲ್ಲ, ಆದರೆ ಗಂಡಿನ ಕಡೆಯವರು ಕಡೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಿತ್ತು. ಆಮೇಲೆ ವರ್ಷಗಟ್ಟಲೆ ಊರವರು ಅದನ್ನೇ ಆಡಿಕೊಂಡು ನಗುತ್ತಿದ್ದರು.

ಆ ಸೀಮೆಯ ಒಬ್ಬ ರೈತನಿಗೆ ತನ್ನವರ ಪರವಾಗಿ ಒಗಟು ಬಿಡಿಸುವ ಆಸೆ. ಸುಗ್ಗಿ ಮುಗಿದದ್ದೇ ತಡ, ಅವನು ಊರೂರು ತಿರುಗಿದ. ಅಜ್ಜಿಯರ ಮುಂದೆ ಕುಳಿತು ಒಗಟು ಕೇಳಿದ, ಅದರ ಹಿಂದೆಯೇ ಉತ್ತರವನ್ನೂ ಕೇಳಿದ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಾಯಿಪಾಠ ಮಾಡಿಕೊಂಡ.

ಚಿಕ್ಕಪ್ಪನ ಮಗನ ಮದುವೆಯಲ್ಲಿ ಅವನನ್ನೇ ಮುಂದೆ ನಿಲ್ಲಿಸಿದರು. ಮದುಮಗಳ ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಕೇಳಿದಳು: "ಕಟ್ಟಿದರೆ ನಡೆಯುತ್ತದೆ, ಬಿಚ್ಚಿದರೆ ನಿಲ್ಲುತ್ತದೆ. ಏನದು?"

ರೈತ ತನಗೆ ಗೊತ್ತಿದ್ದ ಒಗಟುಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ. ಇದು ಅವುಗಳಲ್ಲಿ ಇರಲಿಲ್ಲ. ತಪ್ಪು ಹೇಳಿದರೆ ನಗುತ್ತಾರೆಂದು ಒಂದು ಮಾತೂ ಆಡದೆ ನಿಂತ. ಮುಹೂರ್ತ ಮೀರೀತೆಂದು ಹಿರಿಯರು ಸೋಲೊಪ್ಪಿಕೊಂಡರು. ಕಡೆಯ ಪಂಕ್ತಿಗೆ ಬಡಿಸುವ ಹೊತ್ತಿಗೆ ಪಾಯಸ ಮುಗಿದಿತ್ತು. ನೆಂಟರೆಲ್ಲ ರೈತನ ಮುಖವನ್ನೇ ನೋಡಿದರು.

ಊಟವಾದ ಮೇಲೆ ಅವನು ಅಜ್ಜಿಯನ್ನು ಹುಡುಕಿಕೊಂಡು ಹೋದ. "ಅಜ್ಜಿ, ಉತ್ತರ ಹೇಳಿಬಿಡಿ. ನೆನಪಿಟ್ಟುಕೊಳ್ಳುತ್ತೇನೆ."

"ಇದನ್ನೇ ನಿನಗೆ ಇನ್ಯಾರು ಕೇಳುತ್ತಾರಪ್ಪ? ಇಲ್ಲೇ ಕೂತು ಬಿಡಿಸು. ತಪ್ಪಿದರೆ ತಪ್ಪಲಿ, ಕೇಳಿಸಿಕೊಳ್ಳುವುದಕ್ಕೆ ನಾನೊಬ್ಬಳೇ ಇರುವುದು" ಎಂದು ಅಜ್ಜಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

ರೈತ ಜಗುಲಿಯ ಮೇಲೆ ಕುಳಿತ. ಬಹಳ ಹೊತ್ತಿನ ಮೇಲೆ "ಹಸು" ಎಂದ. ಹಸುವನ್ನು ಕಟ್ಟಿದರೆ ನಿಲ್ಲುತ್ತದೆ ಎಂಬುದು ಅಜ್ಜಿ ಹೇಳುವ ಮೊದಲೇ ಅವನಿಗೆ ಹೊಳೆಯಿತು. ದೋಣಿಯೋ? ಅದೂ ಹಾಗೆಯೇ. ತಾನಾಗಿ ಸಾಗುವುದನ್ನು ಕಟ್ಟಿದರೆ ನಿಲ್ಲುತ್ತದೆ. ಹಾಗಾದರೆ ಇದು ತಾನಾಗಿ ಸಾಗುವಂಥದ್ದಲ್ಲ. ಸಾಗಬಲ್ಲದ್ದನ್ನು ತಂದು ಇದಕ್ಕೆ ಕಟ್ಟಬೇಕು.

"ಗಾಡಿ" ಎಂದ ರೈತ. ದಿನಾ ಬೆಳಗಾದರೆ ಎತ್ತು ಹೂಡಿ ಗಾಡಿ ಕಟ್ಟುವವನು ಅವನೇ. ತನ್ನನ್ನು ನೆನೆದು ಅವನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕಳು. ಬಾಯಿಪಾಠ ಮಾಡಿದ ಯಾವ ಒಗಟೂ ಅವನಿಗೆ ಇಷ್ಟು ರುಚಿಸಿರಲಿಲ್ಲ.

ಅಂದಿನಿಂದ ಯಾರಾದರೂ ಒಗಟು ಹೇಳಿದರೆ, ಉತ್ತರ ಬೇಡ ಎಂದು ಕೈ ಅಡ್ಡ ಹಿಡಿಯುತ್ತಿದ್ದ. ಕೆಲವನ್ನು ಹೊಲ ಉಳುತ್ತಲೇ ಬಿಡಿಸಿದ. ಕೆಲವನ್ನು ಎಷ್ಟು ಹೆಣಗಿದರೂ ಬಿಡಿಸಲಾಗಲಿಲ್ಲ. ಆಗ ಸೋಲೊಪ್ಪಿ ಉತ್ತರ ಕೇಳುತ್ತಿದ್ದ, ಕೇಳಿದ ಮೇಲೆ ತಾನು ಎಲ್ಲಿ ದಾರಿ ತಪ್ಪಿದೆನೆಂದು ನೋಡಿಕೊಳ್ಳುತ್ತಿದ್ದ.

ಮುಂದೆ ಅವನ ಒಡಹುಟ್ಟಿದ ತಮ್ಮನ ಮದುವೆ ಬಂತು. ಪಾಯಸ ತಪ್ಪಿದ್ದನ್ನು ಮರೆಯದ ನೆಂಟರು ಅವನನ್ನು ಹಿಂದೆ ನಿಲ್ಲು ಎಂದರು. ಮದುಮಗ ಮಾತ್ರ ಅಣ್ಣನ ಕೈ ಬಿಡಲಿಲ್ಲ. ರೈತ ಮುಂದೆ ಬಂದು ನಿಂತ.

ಮದುಮಗಳ ಸೋದರತ್ತೆ ಒಗಟು ಹಾಕಿದಳು: "ಬಗ್ಗಿದವನಿಗೆ ದಾರಿ, ಸೆಟೆದವನಿಗೆ ಪೆಟ್ಟು. ಏನದು?"

ಇದೂ ಅವನು ಎಂದೂ ಕೇಳದ ಒಗಟು. ಆದರೂ ಬಾಯಿ ತೆರೆದು "ಅರಸನ ಆಸ್ಥಾನ" ಎಂದ. ಅಲ್ಲ ಎಂದಳು ಸೋದರತ್ತೆ. ಹೆಣ್ಣಿನ ಕಡೆಯವರು ನಕ್ಕರು, ಅವನೂ ನಕ್ಕ. "ಬಿರುಗಾಳಿ" ಎಂದ. ಅದೂ ಅಲ್ಲ. ಬಿರುಗಾಳಿಯಲ್ಲಿ ಬಗ್ಗಿದ್ದು ಉಳಿಯುತ್ತದೆ ನಿಜ, ಆದರೆ ಅಲ್ಲಿ ದಾರಿ ಎಲ್ಲಿ ಬಂತು? ದಾರಿ ಎಂದಮೇಲೆ ಯಾರೋ ಹಾದುಹೋಗಬೇಕು. ಸೆಟೆದು ಹಾದುಹೋಗುವವನಿಗೆ ಪೆಟ್ಟು ಬೀಳುವುದು ತಲೆಗೆ.

"ಗಿಡ್ಡ ಬಾಗಿಲು" ಎಂದ ರೈತ.

ಸೋದರತ್ತೆ ಪಕ್ಕಕ್ಕೆ ಸರಿದಳು. ಆರತಿ ಬಂತು. ತಮ್ಮ ಬಲಗಾಲಿಟ್ಟು ಒಳಗೆ ಹೋದ. ನೆಂಟರೇ ರೈತನ ರಟ್ಟೆ ಹಿಡಿದು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದರು.

ಕತೆ ಮುಗಿದಾಗ ಮೇದಿನಿಯ ಮುಖ ಅರಳಿತ್ತು. "ಹಾಗಾದರೆ ಈ ಭಾನುವಾರದ ಸ್ಪರ್ಧೆಗೇ ಹೆಸರು ಕೊಡುತ್ತೇನೆ ಸರ್" ಎಂದಳು.

"ಕೊಡು ತಾಯಿ. ಅದಕ್ಕೆ ಮೊದಲು, ನಿನ್ನೆ ನೀನು ಕೊಟ್ಟ ತಪ್ಪು ಉತ್ತರಗಳಲ್ಲಿ ಒಂದನ್ನು ಹೇಳು" ಎಂದರು ಗುರುಗಳು.

ಮೇದಿನಿ ಬಾಯಿ ತೆರೆದಳು. ತಪ್ಪಾದೀತೆಂದು ಅವಳು ಹಿಂದಿನ ದಿನ ಒಂದು ಉತ್ತರವನ್ನೂ ಕೊಟ್ಟಿರಲಿಲ್ಲ.