ಕಣಿವೆದಾರಿಯ ಸುಂಕ

“ಪರದೇಶದಿಂದ ಮನೆಬಂಡಿ ಕಟ್ಟಿಕೊಂಡು ಬಂದವರೆಲ್ಲ ಕೇಳಿರಿ! ಮಾಚರಸ ಪ್ರಭುಗಳ ಕಣಿವೆದಾರಿ ಇಂದಿನಿಂದ ನಿಮಗೆ ಮುಚ್ಚಿದೆ. ಈ ದಾರಿಯ ಸುಂಕದ ಮೇಲೆ ಪ್ರಭುಗಳು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವನಿಗೆ ದಾರಿಯೂ ತೆರೆಯುತ್ತದೆ, ಸುಂಕದ ಕಟ್ಟೆಯ ಅಧಿಕಾರವೂ ಸಿಗುತ್ತದೆ. ಒಂದು ತಪ್ಪಿದರೂ ತಲೆ ಉಳಿಯುವುದಿಲ್ಲ!”

ಡಂಗುರದವನು ಹೊರಟುಹೋದ. ಕಟ್ಟೆಯ ಹೊರಗೆ ನಲವತ್ತು ಮನೆಬಂಡಿಗಳು ನಿಂತಿದ್ದವು. ಒಲೆ, ತೊಟ್ಟಿಲು, ಹಾಸಿಗೆ ಎಲ್ಲವನ್ನೂ ಚಕ್ರದ ಮೇಲೆ ಹೊತ್ತ ಮನೆಗಳು. ಅವುಗಳ ಜನ ವರ್ಷವರ್ಷವೂ ಚಳಿಗೆ ಮುಂಚೆ ಈ ದಾರಿಯ ಸುರಂಗ, ಸೇತುವೆ ದಾಟಿ ಬೆಚ್ಚಗಿನ ಸೀಮೆಗೆ ಇಳಿಯುತ್ತಿದ್ದರು. ಈಗ ಹಿಂದಿನ ಘಟ್ಟವನ್ನು ಹಿಮ ಮುಚ್ಚಿತ್ತು, ಮುಂದಿನ ದಾರಿಯನ್ನು ರಾಜ ಮುಚ್ಚಿದ್ದ.

ರಾಜನ ಸಿಟ್ಟಿಗೆ ಕಾರಣವಿತ್ತು. ಎರಡು ತಿಂಗಳ ಹಿಂದೆ ಕಣಿವೆಯ ಸೇತುವೆ ಮುರಿದು, ಗಂಡನ ಮನೆಗೆ ಹೊರಟಿದ್ದ ಅವನ ಒಬ್ಬಳೇ ಮಗಳು ಹೊನ್ನಾದೇವಿ ಬಂಡಿಯ ಸಮೇತ ಹೊಳೆಗೆ ಬಿದ್ದು ಸತ್ತಿದ್ದಳು. ಪರದೇಶದವರ ಬಂಡಿಗಳು ಓಡಾಡಿಯೇ ಸೇತುವೆ ಸಡಿಲವಾಯಿತೆಂದು ಆಸ್ಥಾನದವರು ಹೇಳಿದರು. ರಾಜ ನಂಬಿದ. ಹೊಸ ಸೇತುವೆ ಕಟ್ಟಿಸಿದ, ಆದರೆ ಅದರ ಮೇಲೆ ಪರದೇಶದವರನ್ನು ಬಿಡಲಿಲ್ಲ.

ಮೊದಲು ಎದ್ದವನು ಕಂಬಳಿ ಮಾರುವ ಬಾಳಯ್ಯ. ಅವನ ಹೆಂಡತಿ ಸಂಕವ್ವನಿಗೆ ಎಂಟು ತಿಂಗಳು ತುಂಬಿತ್ತು. ಆ ವಾರವೇ ಬಿಡಾರದಲ್ಲಿ ಎರಡು ಹಸುಗೂಸು ಚಳಿಗೆ ಸತ್ತಿದ್ದವು. “ಇಲ್ಲಿ ಕೂತರೂ ಸಾಯೋದೇ. ಹೋಗಿ ನೋಡ್ತೀನಿ” ಎಂದು ಅರಮನೆಗೆ ನಡೆದ.

ಬಾಗಿಲು ಮುಚ್ಚಿಸಿ ರಾಜ ಕೇಳಿದ: “ಕಟ್ಟೆಗೆ ಎರಡು ಮನೆಬಂಡಿ ಬಂದವು. ಒಂದು ಇಪ್ಪತ್ತು ಮೊಳ ಉದ್ದ, ಇನ್ನೊಂದು ಹತ್ತೇ ಮೊಳ. ಉದ್ದನೆಯದು ಒಂದು ಹಣ ಕೊಟ್ಟು ದಾಟಿತು, ಚಿಕ್ಕದಕ್ಕೆ ಎರಡು ಹಣ ಬಿತ್ತು. ನನ್ನ ಸುಂಕದವನು ಮೋಸ ಮಾಡಲಿಲ್ಲ. ಅವನು ನೋಡಿದ್ದೇನು?”

“ಚಿಕ್ಕ ಬಂಡಿಯವನು ಸಿರಿವಂತ. ಅವನ ಮೈಮೇಲಿನ ಒಡವೆ ನೋಡಿದ” ಎಂದ ಬಾಳಯ್ಯ.

ಮಧ್ಯಾಹ್ನದೊಳಗೆ ಅವನ ತಲೆಯನ್ನು ಕಟ್ಟೆಯ ಕಂಬಕ್ಕೆ ಸಿಕ್ಕಿಸಿದರು.

ಮೂರನೆಯ ದಿನ ಬಿಡಾರದ ಮುತ್ತಿನ ವ್ಯಾಪಾರಿ ಗುಮ್ಮಟಶೆಟ್ಟಿ ಹೋದ. ಹತ್ತು ದೇಶದ ಸುಂಕ ಕೊಟ್ಟವನು, ಮೊದಲನೆಯದನ್ನು ಸಲೀಸಾಗಿ ಬಿಡಿಸಿದ. ಆಗ ರಾಜ ಎರಡನೆಯದನ್ನು ಕೇಳಿದ: “ಎತ್ತರದಲ್ಲೂ ತೂಕದಲ್ಲೂ ಸಮನಾದ ಎರಡು ಬಂಡಿ. ಒಂದರಲ್ಲಿ ಹತ್ತು ಜನ, ಇನ್ನೊಂದರಲ್ಲಿ ಒಬ್ಬನೇ. ಒಬ್ಬಂಟಿಗೇ ಹೆಚ್ಚು ಸುಂಕ. ಜೊತೆಯಾಗಿ ಓಡುವ ಇಬ್ಬರು ಎಂದೂ ಒಬ್ಬರನ್ನೊಬ್ಬರು ಮುಟ್ಟರು. ನಡುವಿನವನು ಮಾತ್ರ ಇಬ್ಬರ ಕೈಯನ್ನೂ ಹಿಡಿದಿರುತ್ತಾನೆ. ನನ್ನವರು ಎಣಿಸಿದ್ದು ಆ ನಡುವಿನವನನ್ನು. ಯಾರವನು?”

ಶೆಟ್ಟಿ ಬಹಳ ಹೊತ್ತು ಯೋಚಿಸಿದ. “ಎತ್ತುಗಳ ನಡುವೆ ಚಾಚಿರುವ ಮೂಕಿಮರ” ಎಂದ. ಅವನ ತಲೆಯೂ ಕಂಬ ಸೇರಿತು. ಒಳಗೆ ಏನು ಕೇಳಿದರು, ಅವನು ಏನು ಹೇಳಿದ ಎಂಬುದು ಬಿಡಾರಕ್ಕೆ ತಿಳಿಯಲೇ ಇಲ್ಲ.

ಸಂಕವ್ವನ ತಮ್ಮ ಗಾಳೆಪ್ಪ ಬಂಡಿಗಳಿಗೆ ಅಚ್ಚು ಕೂರಿಸುವ ಬಡಗಿ. ಹೆಚ್ಚು ಮಾತಿನವನಲ್ಲ. ಸೌದೆಗೆಂದು ಕಣಿವೆಯ ತಳಕ್ಕೆ ಇಳಿದಾಗ ಅವನು ಹೊಳೆಯಲ್ಲಿ ಏನನ್ನೋ ನೋಡಿಬಂದಿದ್ದ, ಯಾರಿಗೂ ಹೇಳಿರಲಿಲ್ಲ.

“ಅಕ್ಕಾ, ನಾನು ಹೋಗ್ತೀನಿ.”

“ಅವರನ್ನು ಕಳಕೊಂಡೆ. ನೀನೂ ಹೋದರೆ ನನಗ್ಯಾರಿದ್ದಾರೋ?” ಸಂಕವ್ವ ಅವನ ತೋಳು ಹಿಡಿದಳು. ಅವನು ಒಂದೊಂದೇ ಬೆರಳು ಬಿಡಿಸಿಕೊಂಡು ಹೊರಟ.

ಮೊದಲ ಒಗಟಿಗೆ ಗಾಳೆಪ್ಪ, “ಎತ್ತರ” ಎಂದ. ಎರಡನೆಯದಕ್ಕೆ, “ಅಚ್ಚು” ಎಂದ. ರಾಜ ಸಿಂಹಾಸನದಿಂದ ಇಳಿದು ಅವನ ಎದುರೇ ಬಂದು ನಿಂತ.

“ಅದೇ ಬಂಡಿ, ಅದೇ ದಾರಿ. ಹೋಗುವಾಗ ಮೂರು ಹಣ, ಬರುವಾಗ ಒಂದೇ. ಎತ್ತರ ಇಳಿಯಲಿಲ್ಲ, ಅಚ್ಚು ಕಡಿಮೆಯಾಗಲಿಲ್ಲ. ಅದು ಕಣ್ಣಿಗೆ ಕಾಣದು, ಆದರೆ ಕಲ್ಲನ್ನೂ ಸೀಳುತ್ತದೆ. ನನ್ನ ಮಗಳನ್ನು ಕೊಂದದ್ದೂ ಅದೇ. ಹೇಳು.”

“ಭಾರ, ಒಡೆಯಾ.”

“ಬಾಯಿಗೆ ಬಂದದ್ದು ಹೇಳಿದೆಯೋ, ತಿಳಿದು ಹೇಳಿದೆಯೋ? ವಿವರಿಸು” ಎಂದ ರಾಜ.

“ಬಂಡಿ ಉದ್ದವಿದ್ದರೂ ಸುರಂಗದಲ್ಲಿ ನುಸುಳಿ ಹೋಗುತ್ತೆ ಬುದ್ಧಿ. ಎತ್ತರದ್ದಕ್ಕೆ ಸುರಂಗದ ಕಮಾನಿನ ಕಲ್ಲು ಕಡಿಸಬೇಕು, ಅದಕ್ಕೇ ಚಿಕ್ಕದಾದರೂ ಎತ್ತರದ ಬಂಡಿಗೆ ಎರಡು ಹಣ. ಜೊತೆಯಾಗಿ ಓಡೋ ಇಬ್ಬರು ಅಂದರೆ ಚಕ್ರಗಳು, ಅವನ್ನ ಹಿಡಿದಿರೋದು ಅಚ್ಚು. ಒಬ್ಬಂಟಿ ತನ್ನ ಬಂಡಿಯ ಹಿಂದೆ ಇನ್ನೊಂದು ಪುಟ್ಟ ಗಾಡಿ ಕಟ್ಟಿಕೊಂಡಿದ್ದ. ಎರಡಿದ್ದ ಅಚ್ಚು ಮೂರಾಯ್ತು. ಇನ್ನು ಭಾರ. ಹೋಗುವಾಗ ಬಂಡಿ ತುಂಬಾ ಸರಕಿತ್ತು, ಬರುವಾಗ ಖಾಲಿ.”

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೂ ಗಾಳೆಪ್ಪ ಹೇಳಿದ: “ಆದರೆ ಸೇತುವೆ ಮುರಿದ ಭಾರ ನಮ್ಮದಲ್ಲ. ಹೊಳೆಯಲ್ಲಿ ಹೊನ್ನಾದೇವಿ ಅಮ್ಮಾವರ ಬಂಡಿ ಇನ್ನೂ ಬಿದ್ದಿದೆ. ನಾನು ಮುಟ್ಟಿ ನೋಡಿದೀನಿ. ಹನ್ನೆರಡು ಕಬ್ಬಿಣದ ಪೆಟ್ಟಿಗೆ, ಕಲ್ಲಿನ ದೇವರಮಂಟಪ. ಅಚ್ಚುಗಳು ಬಿದ್ದು ಮುರಿದದ್ದಲ್ಲ, ಮೇಲಿನ ಹೊರೆಗೆ ಬಾಗಿ ಮುರಿದಿವೆ. ನಮ್ಮ ಮನೆಬಂಡಿ ನಾಲ್ಕು ಸೇರಿದರೂ ಅಷ್ಟು ತೂಗಲ್ಲ. ಅರಮನೆಯ ಬಂಡಿಗೆ ಸುಂಕ ಇಲ್ಲ ಅಂತ ಕಟ್ಟೆಯಲ್ಲಿ ಯಾರೂ ಅದನ್ನ ತೂಗಲಿಲ್ಲ.”

ಕಾವಲಿನವನು ಕತ್ತಿ ಹಿರಿದ. ರಾಜ ಕೈಯೆತ್ತಿ ತಡೆದ. ಅವನ ಬಾಯಿಂದ ಬಂದದ್ದು ಇಷ್ಟೇ: “ಆ ಪೆಟ್ಟಿಗೆಗಳನ್ನು ಹೇರಿಸಿದವನು ನಾನು.”

ಅಂದೇ ದಾರಿ ತೆರೆಯಿತು. ಗಾಳೆಪ್ಪ ಸುಂಕದ ಕಟ್ಟೆಯ ಅಧಿಕಾರಿಯಾದ, ವಾಸಕ್ಕೆ ಕಲ್ಲಿನ ಮನೆಯೂ ಸಿಕ್ಕಿತು. ಎತ್ತರಕ್ಕೆ ಎಷ್ಟು, ಅಚ್ಚಿಗೆ ಎಷ್ಟು, ಭಾರಕ್ಕೆ ಎಷ್ಟು ಎಂದು ಪರದೇಶದವರೂ ಓದುವಂತೆ ಅವನು ಕಲ್ಲಿನಲ್ಲಿ ಕೆತ್ತಿಸಿದ. ಅರಮನೆಯ ಬಂಡಿಗಳನ್ನೂ ತೂಗಿಸಿದ.

ಬಾಳಯ್ಯನನ್ನೂ ಗುಮ್ಮಟಶೆಟ್ಟಿಯನ್ನೂ ಮಣ್ಣು ಮಾಡಿದ ಮರುದಿನ ಅಕ್ಕನ ಬಂಡಿ ಕಟ್ಟೆಗೆ ಬಂತು. “ಇಲ್ಲೇ ಇದ್ದುಬಿಡು ಅಕ್ಕಾ. ಹೆರಿಗೆಗೆ ಬೆಚ್ಚಗಿನ ಕೋಣೆ ಇದೆ.”

“ನಿನಗೆ ಒಳ್ಳೇದಾಗಲಿ ತಮ್ಮಾ. ಆದರೆ ಈ ಊರಿನ ನೀರು ನನ್ನ ಗಂಟಲಲ್ಲಿ ಇಳಿಯಲ್ಲ.”

ಅವಳು ಹಗ್ಗ ಸಡಿಲಿಸಿದಳು, ಎತ್ತುಗಳು ಹೊರಟವು. ಬೆಚ್ಚಗಿನ ಸೀಮೆಯಲ್ಲಿ ಅವಳಿಗೆ ಗಂಡುಮಗುವಾಯಿತೆಂದು ಯಾರೋ ದಾರಿಹೋಕರು ಗಾಳೆಪ್ಪನಿಗೆ ಹೇಳಿದರು. ಅವನು ಆ ಕಟ್ಟೆಯಲ್ಲಿ ಮೂವತ್ತು ವರ್ಷ ಕೂತ. ಸಂಕವ್ವ ಮತ್ತೆಂದೂ ಆ ದಾರಿಯಲ್ಲಿ ಬರಲಿಲ್ಲ.