ಗಾಜಿನ ಹಿಂದೆ ಕೂತವಳು

ಮುರಿಗೆಪ್ಪ ಮಾಸ್ತರು ಹೊಳೆಯ ಮೆಟ್ಟಿಲ ಮೇಲೆ ಅಂಗಿ ಒಗೆಯುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಅವರದು ದೊಡ್ಡ ಹೆಸರು. ಹೊಳೆಗೆ ಬಂದರೆ ಅವರೂ ಎಲ್ಲರ ಹಾಗೆ ಸಾಬೂನು ಹುಡುಕುವವರೇ.

ಕಸ್ತೂರಿ ಏದುಸಿರು ಬಿಡುತ್ತಾ ಬಂದಳು. ಮನುಷ್ಯರು ಯಂತ್ರಗಳ ಜೊತೆ ಹೇಗೆ ಮಾತಾಡುತ್ತಾರೆ ಅಂತ ಮಾಸ್ತರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು.

“ಸರ್, ಗಿರಿಜವ್ವ ಇವತ್ತ ಬರಲಿಲ್ಲ.”

“ಯಾರವ್ವಾ ಗಿರಿಜವ್ವ?”

“ನಮ್ಮ ಪ್ರಯೋಗಕ್ಕ ಬರೋ ಅಜ್ಜಿ. ದಿನಾ ಮುಂಜಾನೆ ಆ ಮಾತಾಡೋ ಪೆಟ್ಟಿಗಿ ಮುಂದ ಕುಂತು ಏನಾರ ಕೇಳತಾಳ. ನಾ ಗಾಜಿನ ಹಿಂದ ಕುಂತು ಬರಕೋತೀನಿ. ಆ ಕಡೆಯಿಂದ ನಾ ಕಾಣಂಗಿಲ್ಲ.”

“ನಾಳೆ ಬರತಾಳ ಬಿಡು.”

ಕಸ್ತೂರಿ ಎರಡು ಮೆಟ್ಟಿಲು ಇಳಿದು ಹತ್ತಿರ ಬಂದಳು.

“ನಿನ್ನೆ ಆಕಿ ಎದಿ ಹಿಡಕೊಂಡು ಕೇಳಿದಳು ಸರ್. ಎದಿ ಹಿಂಡಿದಂಗ ಆಗತೈತಿ, ದವಾಖಾನಿಗೆ ಹೋಗಲೇನು ಅಂತ. ನೀರು ಕುಡದು ವಿಶ್ರಾಂತಿ ತಗೋರಿ ಅಂತು ಪೆಟ್ಟಿಗಿ. ಆಕಿ ಹೂಂ ಅಂದು ಎದ್ದು ಹೋದಳು.”

“ನೀ ಏನ ಮಾಡಿದಿ?”

“ಬರಕೊಂಡೆ. ಯಂತ್ರದ ಮ್ಯಾಲ ನಂಬಿಕೆ, ಬಹಳ ಹೆಚ್ಚು ಅಂತ.”

ಅಂಗಿ ತಿಕ್ಕುತ್ತಿದ್ದ ಕೈ ನಿಂತಿತು.

“ಗಾಜಿನ ಹಿಂದ ಕುಂತವರು ಕೆಮ್ಮಲೂಬಾರದು ಅಂತ ನೀವ ಹೇಳಿದ್ರಿ ಸರ್. ಅದಕ್ಕಂತ ನಾ ಕೈಯಾಗಿನ ಬಳಿ ಸುದ್ದಾ ತೆಗೆದಿಟ್ಟು ಕೂಡತಿದ್ದೆ.”

“ಹೇಳಿದ್ದೆ.”

ಅಷ್ಟೇ ಅಂದರು. ಒದ್ದೆ ಅಂಗಿಯನ್ನು ಕಲ್ಲಿನ ಮೇಲೆ ಬಿಟ್ಟು ಬನಿಯನ್‌ನಲ್ಲೇ ಮೆಟ್ಟಿಲು ಹತ್ತಿದರು. ಚಪ್ಪಲಿಯ ನೆನಪೂ ಆಗಲಿಲ್ಲ.

“ಮನಿ ಎಲ್ಲೈತಿ?”

“ಹೊಳಿದಂಡಿ ಓಣ್ಯಾಗ. ಫೋನ್ ಮಾಡಿದೆ, ಎತ್ತವಲ್ಲಳು.”

ಹಿಂದೆ ಓಡುತ್ತಿದ್ದ ಕಸ್ತೂರಿಯ ತಲೆಯಲ್ಲಿ ಎರಡು ಭಯ ಗುದ್ದಾಡುತ್ತಿದ್ದವು. ಒಂದು ಗಿರಿಜವ್ವನದು. ಇನ್ನೊಂದನ್ನು ಬಾಯಿಬಿಟ್ಟು ಹೇಳಲು ಅವಳಿಗೇ ನಾಚಿಕೆ. ಆದರೂ ಬಾಯಿ ಕೇಳಬೇಕಲ್ಲ.

“ಸರ್, ನಾವಾಗೇ ಮನಿಗೆ ಹೋದ್ರ ಪ್ರಯೋಗ ಕೆಡತೈತಲ್ಲ? ಜನ ಮನುಷ್ಯಾರಿಗಿಂತ ಯಂತ್ರಾನ ಹೆಚ್ಚು ನಂಬತಾರ ಅಂತ ನಾ ತೋರಿಸಬೇಕಾಗೇತಿ. ಇಷ್ಟು ವರ್ಷದ ಕೆಲಸ ನೀರಾಗ ಹೋಗತೈತಿ.”

ಮಾಸ್ತರು ತಿರುಗಿ ನೋಡಲಿಲ್ಲ, ಹೆಜ್ಜೆ ಮಾತ್ರ ಇನ್ನೂ ಜೋರಾಯಿತು. ಎರಡು ಮಾತು ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಕಸ್ತೂರಿಗೆ.

ಬಾಗಿಲು ತೆರೆದಿತ್ತು. ಗಿರಿಜವ್ವ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳಿಚಿಕೊಂಡು ಹಣೆಯೆಲ್ಲ ಬೆವೆತಿತ್ತು. ಪಕ್ಕದಲ್ಲಿ ನೀರಿನ ಚೊಂಬು.

ಜೀವ ಇದೆ. ಕಸ್ತೂರಿಗೆ ಅಳು ಒತ್ತರಿಸಿ ಬಂತು. ಮಾಸ್ತರು ಬಾಗಿಲಲ್ಲೇ ನಿಂತು ಆಟೋದವನನ್ನು ಕೂಗಿದರು. ಕಸ್ತೂರಿ ಅಜ್ಜಿಯ ಪಕ್ಕ ಕೂತಳು.

“ಯಾಕಜ್ಜಿ, ಇಷ್ಟಾದರೂ ದವಾಖಾನಿಗೆ ಹೋಗಲಿಲ್ಲ? ಆ ಪೆಟ್ಟಿಗೀನ ಅಷ್ಟು ನಂಬಿದ್ರೇನು?”

ಗಿರಿಜವ್ವ ತಡೆದು ತಡೆದು ಮಾತಾಡಿದಳು.

“ಪೆಟ್ಟಿಗಿಗೇನ ತಿಳೀತೈತಿ ತಂಗೀ, ಅದಕ್ಕೇನ ಎದಿ ಐತೇನು? ನೀ ಇದ್ದಿಯಲ್ಲ, ಗಾಜಿನ ಹಿಂದ. ಇರತೀನಿ ಅಂತ ಮೊದಲನೇ ದಿನ ನೀನ ಹೇಳಿದ್ದಿ. ಕಲತ ಹುಡುಗಿ. ಅದು ತಪ್ಪು ಹೇಳಿದ್ರ ಹೊರಗ ಬಂದು ಹೇಳತಿ ಅನಕೊಂಡೆ.”

ಉಸಿರು ಎಳೆದುಕೊಂಡಳು.

“ನೀ ಸುಮ್ಮನಿದ್ದಿ. ಹಂಗಾರ ಖರೇ ಇರಬೇಕು ಅಂತ ಮನಿಗೆ ಬಂದೆ.”

ಮೊದಲ ದಿನ ಆ ಮಾತನ್ನು ಕಸ್ತೂರಿ ನಿಯಮ ಇದೆ ಅಂತ ಗಡಗಡ ಓದಿ ಮುಗಿಸಿದ್ದಳು. ಮುದುಕಿ ಅದನ್ನು ಕಿವಿಯ ಮೇಲೆ ಹಾಕಿಕೊಂಡಿದ್ದಾಳೆ ಅಂತ ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಆಟೋ ಬಂತು. ಗುರು ಶಿಷ್ಯೆ ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿ ನಡುವೆ ಕೂರಿಸಿಕೊಂಡರು. ಓಣಿಯ ತಿರುವಿನಲ್ಲಿ ಗಿರಿಜವ್ವ ಕಸ್ತೂರಿಯ ಕೈಯನ್ನು ಬಿಗಿಯಾಗಿ ಹಿಡಿದಳು.

“ತಂಗೀ, ನನಗೇನೂ ಆಗಂಗಿಲ್ಲಲ್ಲಾ?”

ಆಗುವುದಿಲ್ಲ ಅಂದರೆ ಸುಳ್ಳಾದೀತು, ಗೊತ್ತಿಲ್ಲ ಅಂದರೆ ಅಜ್ಜಿ ಹೆದರಿಯಾಳು. ಏನು ಹೇಳಲಿ ಅಂತ ಕಸ್ತೂರಿ ಅಜ್ಜಿಯ ತಲೆಯ ಮೇಲಿಂದ ಮಾಸ್ತರ ಮುಖ ನೋಡಿದಳು.

ಮಾಸ್ತರು ಮೆಲ್ಲಗೆ ಅಂದರು:

“ನನ್ನ ಯಾಕ ನೋಡತಿ? ಆಕಿ ಕೇಳಿದ್ದು ನಿನ್ನ.”